ಬಾವಿ ಸಿನಿಮಾದ ಮೂರು ಸಾಕ್ಷಿಗಳು

ನನ್ನ ಆಕರಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಮೂರು ಪುಸ್ತಕಗಳು. ಮೂರಕ್ಕೂ ಚೆಂದದ ಶೀರ್ಷಿಕೆ ಇತ್ತು, ಲೇಖಕರ ಹೆಸರಿತ್ತು, ಪುಟಸಂಖ್ಯೆ ಕೂಡ ಇತ್ತು. ಪುಸ್ತಕಗಳು ಮಾತ್ರ ಇರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆ್ಯಪ್ ಒಂದನ್ನು ಮೊಬೈಲಿನಲ್ಲಿ ಕೇಳಿ ಅವನ್ನು ಬರೆದುಕೊಂಡಿದ್ದೆ. ನಮ್ಮ ಚಿಕ್ಕೋಡಿ ಕಾಲೇಜಿನ ಗ್ರಂಥಪಾಲಕರು ಕಂಪ್ಯೂಟರಿನಲ್ಲಿ ಹುಡುಕಿದರು, ಕಪಾಟುಗಳಲ್ಲಿ ಕೈಯಾಡಿಸಿದರು, ಬೆಳಗಾವಿಯ ಗೆಳೆಯರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದರು. ಕೊನೆಗೆ ಕನ್ನಡಕ ತೆಗೆದು ನನ್ನನ್ನು ನೋಡಿ, "ಇವು ಇನ್ನೂ ಹುಟ್ಟೇ ಇಲ್ಲ ತಂಗಿ, ನಾ ಎಲ್ಲಿಂದ ತಂದು ಕೊಡ್ಲಿ" ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ್ಯಪಿನ ಮೇಲೆ ಬಂದ ಸಿಟ್ಟನ್ನು ಗ್ರಂಥಪಾಲಕರ ಮೇಲೆ ತೀರಿಸಿಕೊಳ್ಳುವಂತಿರಲಿಲ್ಲ, ಹಾಗಾಗಿ ಪಟ್ಟಿ ಹಿಡಿದು ನೇರ ಮೇಡಂ ಹತ್ತಿರ ಹೋದೆ. ಮೇಡಂ ಎಂದರೆ ನನ್ನ ಪ್ರಾಜೆಕ್ಟಿಗೆ ಮಾರ್ಗದರ್ಶಕರು, ಮೈಸೂರು ಕಡೆಯವರು. ನಮ್ಮ ಮಾತು ಪೂರ್ತಿ ತಿಳಿಯದಿದ್ದಾಗ ತಲೆ ಒಂದು ಕಡೆ ವಾಲಿಸಿ ಕೇಳುವ ಅಭ್ಯಾಸ ಅವರಿಗೆ. ನನ್ನ ವಿಷಯ, ನಮ್ಮ ಗಡಿ ತಾಲ್ಲೂಕುಗಳ ಟೆಂಟ್ ಸಿನಿಮಾ ಮತ್ತು ಅದನ್ನು ನೋಡಿದ ಹೆಣ್ಣುಮಕ್ಕಳು. ಮೇಡಂ ಪಟ್ಟಿ ನೋಡಿ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ನೋಡಮ್ಮ, ದೀಪಾವಳಿ ರಜೆ ಮುಗಿಯುವುದರೊಳಗೆ ನಂಬುವಂಥ ಆಕರಗಳು ಸಿಗಬೇಕು. ಸಿಗದಿದ್ದರೆ ವಿಷಯ ಬದಲಾಯಿಸೋಣ. ನನ್ನ ಹತ್ತಿರ ಒಂದು ಸಿದ್ಧ ವಿಷಯ ಇದೆ."

ಆ ಸಿದ್ಧ ವಿಷಯ ನನಗೆ ಗೊತ್ತಿತ್ತು. ಎಲ್ಲರೂ ನೋಡಿದ ಒಂದು ಸಿನಿಮಾದಲ್ಲಿ ಹಳ್ಳಿಯ ಚಿತ್ರಣ. ನಮ್ಮ ಸೀನಿಯರುಗಳು ರಟ್ಟು ಬದಲಿಸಿ, ಒಳಗಿನ ಹಾಳೆಗಳನ್ನು ಹಾಗೇ ಬಿಟ್ಟು, ವರ್ಷ ವರ್ಷ ಅದನ್ನೇ ಒಪ್ಪಿಸುತ್ತಿದ್ದರು. ಅದನ್ನು ಮಾಡುವುದಕ್ಕಿಂತ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿರುವುದು ಮೇಲು ಅನ್ನಿಸಿತು. ನನಗೆ ಬೇಕಾದದ್ದು ನಮ್ಮ ಆಯಿ ಹೇಳುತ್ತಿದ್ದ ತಂಬು, ಅದರ ಮುಂದೆ ಚಾಪೆ ಹಾಸಿ ಕೂತ ಹೆಂಗಸರು, ರೀಲು ಬದಲಿಸುವಾಗ ಕತ್ತಲಲ್ಲಿ ಹಂಚಿಕೊಂಡು ತಿನ್ನುತ್ತಿದ್ದ ಹುರಿದ ಶೇಂಗಾ. ಆಯಿ ನನ್ನ ತಂದೆಯ ತಾಯಿ. ಅಲಖನೂರಿನಿಂದ ನಿಪ್ಪಾಣಿಗೆ ಸೊಸೆಯಾಗಿ ಹೋಗಿ, ಅಲ್ಲಿಯ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಬಹಳ ವರ್ಷ ದುಡಿದವಳು. ಈಗ ಕರೋಶಿಯಲ್ಲಿ ನಮ್ಮ ಜೊತೆಯಲ್ಲೇ ಇದ್ದಾಳೆ.

ಬರಿಗೈಯಲ್ಲಿ ಬಂದ ನನ್ನನ್ನು ಮೇಡಂ ಬರಿಗೈಯಲ್ಲಿ ಕಳಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ಯಾವ ಆಕರ ಸಿಕ್ಕರೂ ಕೇಳಬೇಕಾದ ಪ್ರಶ್ನೆಗಳನ್ನು ನನ್ನ ಕೈಲೇ ಬರೆಸಿದರು. ಇದನ್ನು ಯಾರು ಹೇಳುತ್ತಿದ್ದಾರೆ, ಅವರಿಗೆ ಹೇಗೆ ಗೊತ್ತು, ಅವರು ಕಣ್ಣಾರೆ ಕಂಡರೋ ಕೇಳಿದರೋ, ಕೇಳಿದ್ದಾದರೆ ಯಾರಿಂದ. ಇಷ್ಟೇನಾ ಅಂದುಕೊಂಡು ಬರೆದುಕೊಂಡೆ.

ನಿಜವಾದ ಲೇಖನಗಳು ಆಮೇಲೆ ಸಿಕ್ಕವು. ಕಾಲೇಜಿನ ಕಂಪ್ಯೂಟರಿನಲ್ಲಿ, ಸಂಶೋಧನಾ ಪತ್ರಿಕೆಗಳ ಜಾಲತಾಣಗಳಲ್ಲಿ, ಗಡಿಭಾಗದ ಸಿನಿಮಾ ಬಗ್ಗೆ ಐದು. ಎಲ್ಲದರಲ್ಲೂ ಒಂದು ಮಾತಿತ್ತು. ಈ ಭಾಗದ ದುಡಿಯುವ ಹೆಣ್ಣುಮಕ್ಕಳು ಸಿನಿಮಾ ನೋಡಿದ್ದು ಕಡಿಮೆ, ನೋಡಿದವರೂ ಅದನ್ನು ದೊಡ್ಡದಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ ಅಂತ. ಓದಿ ಮೈ ಉರಿಯಿತು. ಅಡಿಟಿಪ್ಪಣಿ ನೋಡಿದರೆ ಒಂದನೆಯದು ಎರಡನೆಯದನ್ನು ತೋರಿಸುತ್ತಿತ್ತು, ಎರಡನೆಯದು ಮೂರನೆಯದನ್ನು. ಕಡೆಯದು ಮಾತ್ರ ಅಥಣಿಯಲ್ಲಿ ಯಾವುದೋ ಸಮಾರಂಭಕ್ಕೆ ಹೊರಡಿಸಿದ ಸ್ಮರಣ ಸಂಚಿಕೆಯೊಂದನ್ನು ಹೆಸರಿಸಿತ್ತು.

ಅಥಣಿಗೆ ಹೋದೆ. ಕಬ್ಬಿನ ಹಂಗಾಮು ಶುರುವಾಗಿತ್ತು, ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ನಡೆದುಕೊಂಡೇ ಹೋದ ಹಾಗಿತ್ತು. ಗ್ರಂಥಾಲಯದಲ್ಲಿ ಆ ಸಂಚಿಕೆ ಸಿಕ್ಕಿತು. ನಾನು ಹುಡುಕುತ್ತಿದ್ದ ಮಾತು ಒಂದೇ ಸಾಲಿನಲ್ಲಿ ಇತ್ತು, ಕೊನೆಗೆ "ಎಂದು ಹೇಳುತ್ತಾರೆ" ಅಂತ ಸೇರಿಸಿದ್ದರು. ಯಾರು ಹೇಳುತ್ತಾರೆ ಅನ್ನುವುದು ಎಲ್ಲೂ ಇರಲಿಲ್ಲ. ಬರೆದವರು ಗಂಡಸರು ಅಂತ ಮಾತ್ರ ಹೆಸರಿನಿಂದ ತಿಳಿಯಿತು.

ಮೇಡಂಗೆ ಇದನ್ನು ಹೇಳಿದಾಗ ಅವರಿಗೆ ನನಗಿಂತ ಹೆಚ್ಚು ಖುಷಿಯಾಯಿತು. "ಐದು ಲೇಖನ ಅಂದುಕೊಂಡಿದ್ದೆಯಲ್ಲ, ಅದು ಒಂದೇ. ಒಬ್ಬರು ಅಂದದ್ದನ್ನು ಉಳಿದವರು ಅಂದರು ಅಷ್ಟೇ" ಎಂದರು. ಹಾಗಾದರೆ ನಾನೇ ಮೊದಲ ಆಕರ ತರುತ್ತೇನೆ, ಆ ಹೆಂಗಸರನ್ನೇ ಕೇಳುತ್ತೇನೆ ಎಂದೆ. ಒಪ್ಪಿದರು. ಆದರೆ ಒಬ್ಬರ ಮಾತು ಸಾಲದು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಮೂವರಾದರೂ ಅದನ್ನೇ ಹೇಳಬೇಕು, ಮನೆಯವರನ್ನೂ ಬಿಡದೆ ಪರೀಕ್ಷೆ ಮಾಡಬೇಕು ಎಂದರು.

ಮನೆಯವರನ್ನು ಪರೀಕ್ಷೆ ಮಾಡುವುದು ಕಾಲೇಜಿನಲ್ಲಿ ಕೂತು ಹೇಳಿದಷ್ಟು ಸುಲಭವಲ್ಲ. ಆಯಿ ಅಂಗಳದಲ್ಲಿ ಸೊಪ್ಪು ಸೋಸುತ್ತ ಕೂತಿದ್ದಳು. ನೀನು ಹೇಳಿದ್ದನ್ನು ಬೇರೆಯವರ ಹತ್ತಿರ ಕೇಳಿ ತಾಳೆ ನೋಡಬೇಕು ಅಂದದ್ದೇ ತಡ, ಸೊಪ್ಪು ಬುಟ್ಟಿಗೆ ಹಾಕಿದಳು.

"ಅಂದ್ರ ನನ್ನ ಮಾತ ನಂಬಂಗಿಲ್ಲೇನ ನೀ?"

"ಹಂಗಲ್ಲ ಆಯಿ, ಕಾಲೇಜಿನ ಪದ್ಧತಿ ಅದು."

"ಚಲೋ ಪದ್ಧತಿ. ನಾಳೆ ನಿಮ್ಮ ಮೇಡಂ ಬಂದು ನೀ ನನ್ನ ಮೊಮ್ಮಗಳು ಹೌದೋ ಅಲ್ಲೋ ಅಂತ ಮೂರು ಮಂದೀನ ಕೇಳತಾಳೇನು?"

ಎರಡು ದಿನ ನನ್ನ ಜೊತೆ ಮಾತಿಲ್ಲ. ಚಹಾ ಕೊಟ್ಟರೆ ತಿರುಗಿ ನೋಡದೆ ಕುಡಿಯುವಳು. ಮೂರನೆಯ ದಿನ ತಾನಾಗಿಯೇ ಬಂದು, ವಖಾರದಲ್ಲಿ ತನ್ನ ಸಾಲಿನಲ್ಲಿ ಕೂತು ತಂಬಾಕಿನ ಕಡ್ಡಿ ಆರಿಸುತ್ತಿದ್ದ ಮೂವರು ಗೆಳತಿಯರು ಎಲ್ಲೆಲ್ಲಿದ್ದಾರೆ ಅಂತ ಹೇಳಿದಳು. ಒಬ್ಬಳು ಇನ್ನೂ ನಿಪ್ಪಾಣಿಯಲ್ಲಿ, ಒಬ್ಬಳು ರಾಯಬಾಗದಲ್ಲಿ ಮಗನ ಹತ್ತಿರ, ಒಬ್ಬಳು ಕಾಗವಾಡದಲ್ಲಿ. "ಹೋಗು, ಕೇಳು. ಬಾವಿ ಸಿನಿಮಾದ ಸುದ್ದಿ ಕೇಳು. ಅದನ್ನ ಯಾರೂ ಮರೆತಿರಂಗಿಲ್ಲ" ಎಂದಳು.

ನಾನು ಮೂವರನ್ನೂ ಕಂಡೆ. ನಿಪ್ಪಾಣಿಯ ಅಜ್ಜಿ ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸಿದಳು, ರಾಯಬಾಗದವಳು ಮಾತಿಗಿಂತ ಕೈಯಲ್ಲೇ ಹೆಚ್ಚು ಹೇಳಿದಳು. ಕಾಗವಾಡದವಳು ಅಂಗನವಾಡಿಯಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದವಳು. ಒಬ್ಬಳೇ ಮಗಳನ್ನು ಬೆಳೆಸಿ, ಓದಿಸಿ, ನರ್ಸ್ ಮಾಡಿದವಳು. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ದಿನ ಕೇಳಿದರೂ ಮೂವರೂ ಹೇಳಿದ್ದು ಒಂದೇ. ಅದು ಕನ್ನಡ ಸಿನಿಮಾ. ಅದರಲ್ಲಿ ಕಣ್ಣಿಲ್ಲದ ತಂದೆ, ಇಟ್ಟಿಗೆ ಭಟ್ಟಿ, ಗಂಡ ಬಿಟ್ಟು ಕಳಿಸಿದ ಮಗಳು. ಕಡೆಗೆ ಅವಳು ಸಾಯಲು ಬಾವಿಗೆ ಹೋಗುತ್ತಾಳೆ. ಕಟ್ಟೆಯ ಮೇಲೆ ಕೊಡ ಇಡುತ್ತಾಳೆ. ಒಳಗೆ ಬಗ್ಗಿ ನೋಡುತ್ತಾಳೆ. ಆಮೇಲೆ ನೀರು ಸೇದಿ, ಮುಖ ತೊಳೆದು, ಬಿಚ್ಚಿದ ಕೂದಲು ಗಂಟು ಹಾಕಿ, ತುಂಬಿದ ಕೊಡ ಹೊತ್ತು ತಿರುಗಿ ಬರುತ್ತಾಳೆ. ಮರುದಿನ ಭಟ್ಟಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ.

ಕೂದಲು ಗಂಟು ಹಾಕುವ ಜಾಗಕ್ಕೆ ಬಂದಾಗ ಮೂವರ ಕೈಯೂ ತಂತಾನೆ ತಲೆಯ ಹಿಂದೆ ಹೋಗುತ್ತಿತ್ತು.

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಿನಿಮಾವನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ ಅಂತ ಬರೆದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ. ಹೆಣ್ಣುಮಗಳು ಬಾವಿಯಿಂದ ತಿರುಗಿ ಬರುವ ಒಂದು ಕನ್ನಡ ಸಿನಿಮಾ ನಿಪ್ಪಾಣಿಯ ತಂಬುವಿನಲ್ಲಿ ಓಡಿತ್ತು, ವಖಾರದ ಹೆಂಗಸರು ಅದನ್ನು ಎದೆಯಲ್ಲಿಟ್ಟುಕೊಂಡಿದ್ದರು, ಮೂರು ಸಾಕ್ಷಿಗಳಿವೆ. ಅಧ್ಯಾಯ ಬರೆದು, ಟೈಪ್ ಮಾಡಿಸಿ, ಮೇಡಂ ಮೇಜಿನ ಮೇಲೆ ಇಟ್ಟೆ.

ಮೇಡಂ ಓದಿ ಮುಗಿಸಿ ಕೇಳಿದ್ದು ಒಂದೇ ಮಾತು. "ಸಿನಿಮಾ ನೀನು ನೋಡಿದೆಯಾ?"

ನೋಡಿರಲಿಲ್ಲ. ಸಿಕ್ಕಿರಲಿಲ್ಲ. ಬಾವಿ, ಕುರುಡು ತಂದೆ, ಇಟ್ಟಿಗೆ ಭಟ್ಟಿ ಅಂತ ಕನ್ನಡದಲ್ಲಿ ಹುಡುಕಿ ಹುಡುಕಿ ಸಾಕಾಗಿತ್ತು. ಹಳೆಯದು, ಕಳೆದುಹೋಗಿರಬೇಕು ಅಂತ ಅಧ್ಯಾಯದಲ್ಲೂ ಬರೆದುಬಿಟ್ಟಿದ್ದೆ. ಮೇಡಂ ತಲೆ ವಾಲಿಸಿ, "ನಿಮ್ಮೂರಲ್ಲಿ ಒಂದೇ ಭಾಷೆ ಇದೆಯಾ" ಎಂದರು. ದಿನಾ ಎರಡು ಭಾಷೆಯಲ್ಲಿ ಜಗಳವಾಡುವ ನನಗೆ ಮೈಸೂರಿನವರು ಅದನ್ನು ನೆನಪಿಸಬೇಕಾಯಿತು. ಅಲ್ಲೇ ಕೂತು ಮರಾಠಿಯಲ್ಲಿ ಟೈಪ್ ಮಾಡಿದೆ. ಚಹಾ ಬರುವುದರೊಳಗೆ ಸಿನಿಮಾ ಸಿಕ್ಕಿತು.

ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ನೋಡಿದೆ. ಕಣ್ಣಿಲ್ಲದ ತಂದೆ ಇದ್ದ, ಭಟ್ಟಿ ಇತ್ತು, ಗಂಡ ಬಿಟ್ಟ ಮಗಳೂ ಇದ್ದಳು. ಮನೆ ಮುಟ್ಟಿದ ಮೇಲೂ ಬಾಗಿಲಲ್ಲೇ ನಿಂತು ಕಡೆಯ ಭಾಗ ಮುಗಿಸಿದೆ. ಅವಳು ಬಾವಿಗೆ ಹೋದಳು. ಕಟ್ಟೆಯ ಮೇಲೆ ಕೊಡ ಇಟ್ಟಳು. ಒಳಗೆ ಬಗ್ಗಿದಳು. ಆಮೇಲೆ ಕಟ್ಟೆಯ ಮೇಲೆ ಕೊಡ ಒಂದೇ ಉಳಿಯಿತು, ಸಿನಿಮಾ ಮುಗಿಯಿತು. ನೀರು ಸೇದಲಿಲ್ಲ, ಮುಖ ತೊಳೆಯಲಿಲ್ಲ, ತಿರುಗಿ ಬರಲಿಲ್ಲ. ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ. ಅಷ್ಟೇ.

ಅಳು ಬಂತು, ಸುಳ್ಳೇಕೆ ಹೇಳಲಿ. ಮೂರು ಮಂದಿಗೆ ಒಂದೇ ಸುಳ್ಳು ನೆನಪು ಬರುವುದು ಹೇಗೆ. ಹುಟ್ಟದ ಪುಸ್ತಕಗಳ ಆ್ಯಪಿಗೂ ನನಗೂ ಏನು ವ್ಯತ್ಯಾಸ ಉಳಿಯಿತು. ವಿಷಯ ಕೈಬಿಟ್ಟಂತೆಯೇ ಅಂದುಕೊಂಡು ಒಳಗೆ ಹೋಗಿ ಆಯಿಯ ಮುಂದೆ ಕೂತೆ.

"ಆಯಿ, ಸಿನಿಮಾದಾಗ ಆಕಿ ತಿರುಗಿ ಬರೂದೇ ಇಲ್ಲ."

ಆಯಿ ಅಡಿಕೆ ಕತ್ತರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಇಲ್ಲ. ಬರೂದಿಲ್ಲ."

"ಮತ್ತ ಮೂರೂ ಮಂದಿ ನೋಡೇವಿ ಅಂದ್ರಲ್ಲ?"

"ನೋಡ್ಯಾರ. ವಖಾರದಾಗ ನೋಡ್ಯಾರ. ನಾ ತೋರಿಸೀನಿ."

ಆಗ ತಿಳಿಯಿತು ಅವರ ಪದ್ಧತಿ. ಪ್ರತಿ ಸಿನಿಮಾಕ್ಕೆ ಎಲ್ಲರೂ ಹೋಗುವಂತಿರಲಿಲ್ಲ. ಯಾರದೋ ಮನೆಯಲ್ಲಿ ಗಂಡ ಬಿಡುತ್ತಿರಲಿಲ್ಲ, ಯಾರಿಗೋ ಕೂಸು. ಸಾಲಿನಲ್ಲಿ ಒಬ್ಬಳು ಹೋಗಿ ನೋಡಿ ಬರಬೇಕು, ಮರುದಿನ ಮೂಗಿಗೆ ಸೆರಗು ಕಟ್ಟಿಕೊಂಡು ಕಡ್ಡಿ ಆರಿಸುತ್ತ ಉಳಿದವರಿಗೆ ಮೊದಲಿನಿಂದ ಕಡೆಯವರೆಗೆ ಹೇಳಬೇಕು. ಹಾಗೆ ಕೇಳಿದವಳೂ ಆ ಸಿನಿಮಾ "ನೋಡಿದವಳು" ಎಂದೇ ಲೆಕ್ಕ. ಕತೆ ನಡೆದಿದ್ದರೆ ಕೈಗಳೂ ನಡೆಯುತ್ತಿದ್ದವು, ಹಾಗಾಗಿ ಕೆಲಸದ ಮೇಲ್ವಿಚಾರಣೆಗಿದ್ದ ಮುಕಾದಮನೂ ಬೇಡ ಅನ್ನುತ್ತಿರಲಿಲ್ಲ. ಆಯಿಯ ಹಾಗೆ ಹೇಳುವವರು ಇರಲಿಲ್ಲವಂತೆ, ಇದನ್ನೂ ಅವಳೇ ಹೇಳಿದಳು. ಅಲಖನೂರಿನಿಂದ ಹೊಸದಾಗಿ ಬಂದವಳಿಗೆ ಮರಾಠಿ ಅರ್ಧಂಬರ್ಧ. ಸಿನಿಮಾ ಮರಾಠಿಯಲ್ಲಿ ನೋಡಿ, ತಿಳಿದಷ್ಟು ತಿಳಿದು, ತಿಳಿಯದ್ದನ್ನು ತಾನೇ ಸೇರಿಸಿ, ಕನ್ನಡದಲ್ಲಿ ಹೇಳುತ್ತಿದ್ದಳು. ಅವರ ನೆನಪಿನಲ್ಲಿ ಅದು ಕನ್ನಡ ಸಿನಿಮಾ ಆಗಿ ಉಳಿದದ್ದು ಹಾಗೆ.

ನಾನು ಅವರನ್ನು "ನೋಡೀರೇನು" ಅಂತ ಕೇಳಿದ್ದೆ. ಎಲ್ಲಿ ಕೂತು ನೋಡಿದಿರಿ, ಯಾರ ಜೊತೆ ಹೋಗಿದ್ದಿರಿ ಅಂತ ಕೇಳಿರಲಿಲ್ಲ. ಕಣ್ಣಾರೆ ಕಂಡರೋ ಕೇಳಿದರೋ ಅಂತ ಮೇಡಂ ಬರೆಸಿದ್ದ ಪ್ರಶ್ನೆ ಚೀಲದಲ್ಲೇ ಇತ್ತು. ಅಥಣಿಯ ಒಂದು ಸಾಲನ್ನು ಐದು ಲೇಖನ ಮಾಡಿದವರನ್ನು ಬೈದಿದ್ದ ನಾನು ನಮ್ಮ ಆಯಿಯೊಬ್ಬಳನ್ನೇ ಮೂರು ಸಾಕ್ಷಿ ಮಾಡಿದ್ದೆ.

"ಕಡೀಕ ಯಾಕ ಬದಲ ಮಾಡಿದಿ ಆಯಿ? ಅದೂ ತಿಳೀಲಿಲ್ಲೇನ?"

"ಬಾವಿಗೆ ಹೋಗೂದು ತಿಳಿಯಾಕ ಮರಾಠಿ ಯಾಕ ಬೇಕ," ಎಂದಳು ಆಯಿ. ಕತ್ತರಿಸಿದ ಅಡಿಕೆಯನ್ನು ಬದಿಗೆ ಸರಿಸಿದಳು. "ಕಾಗವಾಡದಾಕಿ ನನ್ನ ಬಾಜೂಕ ಕುಂಡರತಿದ್ಲು. ಅವಾಗ ಗಂಡ ಬಿಟ್ಟು ಕಳಿಸಿದ್ದ, ಹೊಟ್ಟ್ಯಾಗ ಕೂಸು. ಉಣತಿದ್ದಿಲ್ಲ, ಮಾತಾಡತಿದ್ದಿಲ್ಲ. ನಾ ಕತಿ ಹೇಳಕೋತ ಹೇಳಕೋತ ಬಾವಿತನಕ ಬಂದೆ. ನೋಡತೀನಿ, ಆಕಿ ಕೈ ನಿಂತೈತಿ. ಆಕಿ ಮಾರಿ ನೋಡಿದೆ. ನನಗ ಮುಂದ ಹೇಳಾಕ ಆಗಲಿಲ್ಲ. ಹಂಗಾಗಿ ನೀರ ಸೇದಿಸಿದೆ."

 ಆಯಿ ಇನ್ನೊಂದು ಅಡಿಕೆ ಎತ್ತಿಕೊಂಡು, "ಆಕಿಗೆ ಇದನ್ನ ಹೇಳಬ್ಯಾಡ ಮತ್ತ. ಇಷ್ಟ ವರ್ಷ ಆ ಸಿನಿಮಾ ಹಂಗೇ ಐತಿ ಅಂತ ತಿಳಕೊಂಡಾಳ, ಹಂಗೇ ಇರಲಿ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ಮೇಡಂಗೆ ಎಲ್ಲ ಹೇಳಿದೆ. ಸಿದ್ಧ ವಿಷಯ ಕೊಡಿ, ಮಾಡುತ್ತೇನೆ ಎಂದೂ ಹೇಳಿದೆ. ಮೇಡಂ ನನ್ನ ಅಧ್ಯಾಯವನ್ನು ನನ್ನ ಕಡೆಗೇ ತಳ್ಳಿದರು. "ಸಿನಿಮಾದ ಬಗ್ಗೆ ಇವರು ಒಳ್ಳೆಯ ಆಕರ ಅಲ್ಲ, ನಿಜ. ಸಿನಿಮಾ ವಖಾರಕ್ಕೆ ಹೇಗೆ ಬಂತು ಅನ್ನುವುದಕ್ಕೆ ಇವರಿಗಿಂತ ಒಳ್ಳೆಯ ಆಕರ ಯಾರಿದ್ದಾರೆ? ನಿನ್ನ ವಿಷಯ ಅದೇ. ಮತ್ತೆ ಬರೆ." ಬಾಗಿಲವರೆಗೆ ಹೋದವಳನ್ನು ಕರೆದು ಒಂದು ಷರತ್ತನ್ನೂ ಹಾಕಿದರು. ಕಾಗವಾಡದವರ ಕಷ್ಟದ ದಿನದ ಮಾತು ಬರುತ್ತದೆ, ಹೆಸರು ಬಿಟ್ಟರೂ ಅವರಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು. ಅವರು ಬೇಡವೆಂದರೆ ಆ ಭಾಗ ಬರೆಯುವಂತಿಲ್ಲ.

ಆ ಭಾಗ ಇಲ್ಲದಿದ್ದರೆ ನನ್ನ ಪ್ರಾಜೆಕ್ಟಿನಲ್ಲಿ ಉಳಿಯುವುದು ಹುರಿದ ಶೇಂಗಾ ಮಾತ್ರ. ತಿಳಿಸದೆ ಒಪ್ಪಿಗೆ ಕೇಳುವಂತಿಲ್ಲ, ತಿಳಿಸಿದರೆ ಆಯಿಗೆ ಕೊಟ್ಟ ಮಾತು ಹೋಗುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಆ ಮುದುಕಿ ಇಷ್ಟು ವರ್ಷ ಹಿಡಿದುಕೊಂಡು ಬಂದದ್ದನ್ನು ಕಾಲೇಜಿನ ಒಂದು ಕಾಗದಕ್ಕಾಗಿ ನಾನು ಕಿತ್ತುಕೊಳ್ಳುವುದು ಯಾವ ನ್ಯಾಯ. ಕಾಗವಾಡದ ದಾರಿಯಲ್ಲಿ ಕೃಷ್ಣಾ ಹೊಳೆ ದಾಟುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ, ಸುಮ್ಮನೆ ಮಾತಾಡಿಸಿ ಬಂದುಬಿಡುವುದು, ಸಿದ್ಧ ವಿಷಯ ತೆಗೆದುಕೊಳ್ಳುವುದು.

ಕಾಗವಾಡದ ಅಜ್ಜಿ ಚುರುಮುರಿ ಕಲಸಿ ಕೊಟ್ಟಳು. ಮಗಳು ಡ್ಯೂಟಿಗೆ ಹೋಗಿದ್ದಳು. ನಾನು ಹವೆ, ಬಸ್ಸು, ಕಬ್ಬಿನ ಟ್ರ್ಯಾಕ್ಟರು ಅಂತ ಏನೇನೋ ಮಾತಾಡಿದೆ. ಅವಳು ಕೇಳುವಷ್ಟು ಕೇಳಿ, "ಯವ್ವಾ, ಅಷ್ಟ ದೂರದಿಂದ ಇದನ್ನ ಹೇಳಾಕ ಬಂದಿಯೇನ? ಸಿನಿಮಾ ಸಿಕ್ತೇನು?" ಎಂದಳು.

ನಾನು ಚುರುಮುರಿಯ ಬಟ್ಟಲು ನೋಡುತ್ತ ಕೂತೆ.

"ಸಿಕ್ಕೈತಿ. ನಿನ್ನ ಮಾರಿ ಹೇಳತೈತಿ," ಎಂದಳು. "ನಾನೂ ನೋಡೇನಿ ತಗೋ. ಮಗಳ ಮದವಿ ಆದ ವರ್ಷ ಟಿವ್ಯಾಗ ಹಾಕಿದ್ರು, ಮರಾಠಿ ಚಾನೆಲ್‌ನಾಗ. ನಮ್ಮ ಬಾವಿ ಸಿನಿಮಾ ಬಂತು ಅಂತ ಮಗಳನ್ನೂ ಕರದು ಕುಂಡ್ರಿಸಿದೆ. ಆಕಿ ಬಗ್ಗಿದ್ಲು. ಕೊಡ ಒಂದ ಉಳೀತು. ಇನ್ನೂ ಐತಿ, ತಡಿ, ಈಗ ಬರ್ತಾಳ ಅಂತ ಮಗಳಿಗೆ ಹೇಳಿದೆ. ಅಷ್ಟರಾಗ ಜಾಹಿರಾತು ಬಂತು. ಅದು ಮುಗಿದು ಬ್ಯಾರೇನ ಸುರು ಆತು. ಅವಾಗ ತಿಳೀತು ನೋಡು, ನಿಮ್ಮ ಆಯಿ ಅವತ್ತ ಆ ಕತಿ ಯಾರಿಗೆ ಹೇಳಿದ್ಲು ಅಂತ."

"ಮತ್ತ ನಾ ಬಂದಾಗ ಹಂಗ್ಯಾಕ ಹೇಳಿದ್ರಿ? ತಿರುಗಿ ಬಂದ್ಲು ಅಂತ?"

"ನೀ ಕೇಳಿದ್ದು ನಾವು ನೋಡಿದ ಸಿನಿಮಾ. ನಾವು ನೋಡಿದ್ದು ಅದನ್ನ." ಕೈ ತಲೆಯ ಹಿಂದೆ ಹೋಯಿತು, ಗಂಟು ಸರಿಯಾಗಿದೆಯೋ ಇಲ್ಲವೋ ಅಂತ ನೋಡಿಕೊಂಡಿತು.

ನಿಮಗೆ ಗೊತ್ತಾದದ್ದನ್ನು ಆಯಿಗೆ ಯಾವಾಗಲಾದರೂ ಹೇಳಿದ್ದೀರಾ ಅಂತ ಕೇಳಿದೆ.

"ಹೇಳೂದೇನೈತಿ. ಆಕಿ ಬದುಕಸ್ಯಾಳ, ನಾ ಬದುಕೇನಿ. ಇಬ್ಬರಿಗೂ ಕಾಣಸತೈತಿ."

ನಾನು ಬಂದ ಕೆಲಸ ಆಗ ಹೇಳಿದೆ. ಕಾಗದ ತೋರಿಸಿ ಓದಿದೆ. ಅಜ್ಜಿ ಪೂರ್ತಿ ಕೇಳಿ, "ಬರಿ. ಹೊಟ್ಟ್ಯಾಗ ಕೂಸಿತ್ತು ಅನ್ನೂದನ್ನೂ ಬರಿ. ಆ ಕೂಸ ಈಗ ನರ್ಸ್ ಐತಿ ಅಂತ ಬರೀದ ಬಿಡಬ್ಯಾಡ ಮತ್ತ" ಎಂದು ಸಹಿ ಮಾಡಿದಳು. ಅಂಗನವಾಡಿಯಲ್ಲಿ ಕಲಿತ ಅಕ್ಷರ, ದುಂಡಗೆ, ಒಂದೊಂದಾಗಿ ಬಂತು.

ಹೊರಡುವ ಮೊದಲು ಆಯಿಗೆ ಫೋನ್ ಹಚ್ಚಿ ಕೊಡು ಎಂದಳು. ಹಚ್ಚಿಕೊಟ್ಟೆ. ಈಗ ಎಲ್ಲ ಹೊರಬೀಳುತ್ತದೆ ಅಂದುಕೊಂಡೆ. ಇಬ್ಬರೂ ಮೊಣಕಾಲು ನೋವಿನ ಮಾತಾಡಿದರು. ರಾಯಬಾಗದವಳ ಮಗ ಹೊಸ ಮನೆ ಕಟ್ಟಿಸಿದ್ದರ ಮಾತಾಡಿದರು. ನನ್ನ ಮದುವೆಯ ಬಗ್ಗೆ, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವುದನ್ನು ಲೆಕ್ಕಿಸದೆ, ಸಾಕಷ್ಟು ಮಾತಾಡಿದರು. ಸಿನಿಮಾದ ಸುದ್ದಿ ಎತ್ತಲೇ ಇಲ್ಲ.

ರಜೆ ಮುಗಿದ ವಾರ ಹೊಸ ಅಧ್ಯಾಯ ಒಪ್ಪಿಸಿದೆ. ಆಕರಗಳ ಪಟ್ಟಿಯಲ್ಲಿ ಸಿನಿಮಾವನ್ನು ಎರಡು ಸಲ ಬರೆದಿದ್ದೆ. ಒಂದು ಮರಾಠಿ, ತಂಬುವಿನಲ್ಲಿ ತೋರಿಸಿದ್ದು. ಇನ್ನೊಂದು ಕನ್ನಡ, ವಖಾರದಲ್ಲಿ ಹೇಳಿದ್ದು. ಮೇಡಂ ಕೆಂಪು ಪೆನ್ನು ಹಿಡಿದು ಎರಡರ ಮೇಲೂ ಬಹಳ ಹೊತ್ತು ತಡೆದರು, ಆಮೇಲೆ ಪುಟ ತಿರುವಿದರು. ಯಾವುದಕ್ಕೂ ಗೀಟು ಎಳೆಯಲಿಲ್ಲ.